ಶುಂಠಿ ನಮ್ಮದು, ಲೆಕ್ಕ ಅವರದು

ದೊಡ್ಡಮ್ಮ ಬ್ಯಾಗಿನಿಂದ ಮೊದಲು ಎರಡು ಸೀರೆ ತೆಗೆದರು. ಆಮೇಲೆ ರಾಗಿಹಿಟ್ಟಿನ ಗಂಟು. ಆಮೇಲೆ ಟವೆಲ್ಲಿನಲ್ಲಿ ಸುತ್ತಿದ್ದ ಹಳೇ ಹಾರ್ಲಿಕ್ಸ್ ಬಾಟಲಿ. ಅದರೊಳಗೆ ಕಪ್ಪುಹಸಿರು ಕಷಾಯ. ಮಲ್ಲಿಪಟ್ಟಣದಿಂದ ಅರಕಲಗೂಡು, ಅಲ್ಲಿಂದ ಹಾಸನ, ಹಾಸನದಿಂದ ಬೆಂಗಳೂರು, ಮೂರು ಬಸ್ಸು ಬದಲಾಯಿಸಿ ಬಂದಿದ್ದರೂ ಒಂದು ತೊಟ್ಟು ಚೆಲ್ಲಿರಲಿಲ್ಲ.

'ಅಮೃತಬಳ್ಳಿ, ಶುಂಠಿ, ಚೂರು ಬಜೆ ಕಣಪ್ಪ. ಮಗಿಗೆ ಹೊಟ್ಟೆ ಉಬ್ಬರ ಅಂದ್ಯಲ್ಲ ಫೋನ್‌ನಾಗೆ. ದಿನಾ ಎರಡು ಒಳಲೆ ಹಾಕಿ, ಮೂರು ದಿನಕ್ಕೆ ಸರಿಹೋಯ್ತದೆ.'

ಮಗು ಅಂದರೆ ನಮ್ಮ ಅಕ್ಕನ ಮಗಳು. ಆಗ ಅವಳಿಗೆ ಹದಿನೈದು ತಿಂಗಳು. ಐದು ವಾರದ ಹಿಂದೆ ಅವಳಿಗೆ ಲಿವರ್ ಕಸಿ ಆಗಿತ್ತು. ಲಿವರಿನ ತುಂಡು ಕೊಟ್ಟವಳು ನಮ್ಮ ಅಕ್ಕನೇ. ಊರಿನಲ್ಲಿ ಇವತ್ತಿಗೂ 'ಮಗಳಿಗೆ ಈಲಿ ಕುಯ್ದು ಕೊಟ್ಟೋಳು' ಅಂತಲೇ ಅವಳನ್ನ ಗುರುತು ಹೇಳ್ತಾರೆ. ಆಸ್ಪತ್ರೆ ಹತ್ತಿರದ ಒಂದು ರೂಮು ಬಾಡಿಗೆಗೆ ಹಿಡಿದು ಅಕ್ಕ, ಭಾವ, ಅವ್ವ ಮೂವರೂ ಅಲ್ಲೇ ಇದ್ದರು. ಆಪರೇಷನ್ ಚೆನ್ನಾಗೇ ಆಗಿತ್ತು. ಹೊಟ್ಟೆ ಮಾತ್ರ ಹೇಳಿದ ಮಾತು ಕೇಳ್ತಿರಲಿಲ್ಲ. ಒಂದು ದಿನ ತಮಟೆ ಥರ ಬಿಗಿದುಕೊಳ್ಳೋದು, ಇನ್ನೊಂದು ದಿನ ಎಂಟು ಸಲ ಭೇದಿ. ಮೂಗಿನ ನಳಿಕೆಯಲ್ಲಿ ಹಾಲು ಬಿಟ್ಟರೆ ಅರ್ಧ ವಾಂತಿ.

ದೊಡ್ಡಮ್ಮನ ಬಾಟಲಿ ನೋಡಿ ನನಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ನಾಚಿಕೆ ಆಯ್ತು. ಯಾಕಂದರೆ ಅದೇ ರಾತ್ರಿ ನನ್ನ ಫೋನಿನಲ್ಲೂ ಒಂದು ಕಷಾಯ ಇತ್ತು, ಜಪಾನಿನದ್ದು. ಆಫೀಸಿನ ಒಬ್ಬ ಗೆಳೆಯ ಕಳಿಸಿದ್ದ ಸುದ್ದಿ ಅದು: ಜಪಾನಿನ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಲಿವರ್ ಕಸಿ ಆದವರಿಗೆ ಹೊಟ್ಟೆಯುಬ್ಬರಕ್ಕೆ ಗಿಡಮೂಲಿಕೆ ಔಷಧಿ ಕೊಡ್ತಾರೆ, ಮಕ್ಕಳಿಗೂ ಕೊಡ್ತಾರೆ. ಅದರ ಹೆಸರು ದೈಕೆಂಚೂತೋ. ಒಳಗಿರೋದು ಒಣಶುಂಠಿ, ಜಿನ್‌ಸೆಂಗ್ ಬೇರು, ಸಾನ್ಶೋ ಅನ್ನೋ ಕಾಳಿನ ಸಿಪ್ಪೆ, ಜೊತೆಗೆ ಮಾಲ್ಟೋಸ್ ಸಿಹಿ. ಆ ಸಾನ್ಶೋ ಬೇರೇನಲ್ಲ, ಸಕಲೇಶಪುರದ ಕಡೆಯವರು ಮೀನು ಸಾರಿಗೆ ಹಾಕ್ತಾರಲ್ಲ ಜುಮ್ಮನಕಾಯಿ, ಅದರ ದಾಯಾದಿ. ನಾಲಿಗೆ ಜುಂ ಅನ್ನಿಸೋ ಅದೇ ಗುಣ. ಗೆಳೆಯ ಕೆಳಗೆ ಒಂದು ಸಾಲು ಸೇರಿಸಿದ್ದ: 'ನೋಡು ಮಗಾ, ಜಪಾನಿನವರೇ ಒಪ್ಪಿದಾರೆ. ನಾವು ಮಾತ್ರ ನಮ್ಮ ಅಜ್ಜಿ ಔಷಧಿ ಬಿಟ್ಟು ಕೂತಿದೀವಿ.'

ಈ ಸಾಲಿನ ಮೇಲೆಯೇ ನನ್ನ ಜಗಳ. ಆ ಮಾತನ್ನ ನಾನೂ ಒಂದು ರಾತ್ರಿ ನಂಬಿದ್ದೆ. ನಮ್ಮ ಹೊಲದ ತುಂಬ ಶುಂಠಿ ಇದೆ. ಅರಕಲಗೂಡು ಸೀಮೆಯಲ್ಲಿ ಆಲೂಗೆಡ್ಡೆ ಕೈಕೊಟ್ಟವರೆಲ್ಲ ಶುಂಠಿಗೆ ಬಿದ್ದಿದಾರೆ. ಅರವತ್ತು ಕೆ.ಜಿ. ಮೂಟೆಗೆ ಇವತ್ತಿನ ರೇಟು ಎಷ್ಟು ಅಂತ ಅಪ್ಪ ದಿನಾ ಸಂಜೆ ಫೋನು ಮಾಡಿ ವಿಚಾರಿಸ್ತಾರೆ. ಜಪಾನಿನ ಶುಂಠಿ ಮಗುವಿನ ಹೊಟ್ಟೆ ಇಳಿಸೋದಾದರೆ ಮಲ್ಲಿಪಟ್ಟಣದ ಶುಂಠಿ ಯಾಕೆ ಇಳಿಸಬಾರದು?

ಬೆಳಿಗ್ಗೆ ವಾರ್ಡಿನ ಡಾಕ್ಟರಮ್ಮನಿಗೆ ಎರಡನ್ನೂ ತೋರಿಸಿದೆ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಹಾರ್ಲಿಕ್ಸ್ ಬಾಟಲಿ. ಬಯ್ತಾರೆ ಅಂದುಕೊಂಡಿದ್ದೆ, ಬಯ್ಯಲಿಲ್ಲ. ಬಾಟಲಿಯ ಮುಚ್ಚಳ ತೆಗೆದು ಮೂಸಿ ನೋಡಿ ಕೇಳಿದರು: 'ಇದರಲ್ಲಿ ಏನೇನಿದೆ ಹೇಳಿದ್ರಿ. ಎಷ್ಟೆಷ್ಟಿದೆ? ನಾಳೆ ಕುದಿಸಿದ್ರೆ ಇಷ್ಟೇ ಇರುತ್ತಾ?' ನನ್ನ ಹತ್ತಿರ ಉತ್ತರ ಇರಲಿಲ್ಲ. ದೊಡ್ಡಮ್ಮನ ಹತ್ತಿರವೂ ಇರಲಿಲ್ಲ. 'ಒಂದು ಹಿಡಿ' ಅಂದರು ಅಷ್ಟೇ.

ಆ ಒಂದು ಹಿಡಿ ಯಾಕೆ ಸಾಲದು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಕಸಿ ಮಾಡಿದ ಲಿವರನ್ನ ಮೈ ತನ್ನದು ಅಂತ ಒಪ್ಪಲ್ಲ, ಹೊಡೆದೋಡಿಸೋಕೆ ನೋಡುತ್ತೆ. ಅದನ್ನ ತಡೆಯೋಕೆ ಟ್ಯಾಕ್ರೊಲಿಮಸ್ ಅನ್ನೋ ಔಷಧಿ, ದಿನಕ್ಕೆ ಎರಡು ಹೊತ್ತು, ಗಡಿಯಾರ ನೋಡಿಕೊಂಡು. ಇದೂ ಜಪಾನಿನದ್ದೇ, 1984ರಲ್ಲಿ ತ್ಸುಕುಬಾ ಬೆಟ್ಟದ ಮಣ್ಣಿನ ಒಂದು ಸೂಕ್ಷ್ಮಜೀವಿಯಲ್ಲಿ ಸಿಕ್ಕಿದ್ದು. ಮೊದಲ ತಿಂಗಳುಗಳಲ್ಲಿ ಒಂದು ಮಿಲಿಲೀಟರ್ ರಕ್ತದಲ್ಲಿ ಅದು ಹತ್ತು ನ್ಯಾನೋಗ್ರಾಮಿನ ಆಸುಪಾಸು ಇರಬೇಕು. ಕಮ್ಮಿ ಆದರೆ ಲಿವರ್ ತಿರಸ್ಕಾರ, ಜಾಸ್ತಿ ಆದರೆ ಕಿಡ್ನಿಗೆ ಏಟು. ಈ ಔಷಧಿ ಅರಗೋದು ಕರುಳಿನಲ್ಲಿ, ಲಿವರಿನಲ್ಲಿ. ಹಾಗಾಗಿ ಕರುಳು ಕೆಟ್ಟರೆ ಲೆಕ್ಕ ಎಲ್ಲ ತಲೆಕೆಳಗು. ಭೇದಿ ಆದಾಗ ಔಷಧಿ ಹೊರಗೆ ಹೋಗಿ ಪ್ರಮಾಣ ಇಳಿಯುತ್ತೆ ಅಂತ ನಾನು ಅಂದುಕೊಂಡಿದ್ದೆ. ಮಕ್ಕಳಲ್ಲಿ ಎಷ್ಟೋ ಸಲ ಆಗೋದು ಉಲ್ಟಾ. ಕರುಳಿನ ಗೋಡೆ ಔಷಧಿಯನ್ನ ತಡೆಯೋ ಕೆಲಸ ನಿಲ್ಲಿಸಿಬಿಡುತ್ತೆ, ರಕ್ತದಲ್ಲಿ ಪ್ರಮಾಣ ಏರಿ ಕೂರುತ್ತೆ. ನಮ್ಮ ಮಗುವಿಗೂ ಹಾಗೇ ಆಗಿ ಎರಡು ಸಲ ಡೋಸು ಇಳಿಸಿದ್ದರು. ಚಕ್ಕೋತ ಹಣ್ಣು ತಿಂದರೂ ಇದು ಏರುತ್ತೆ. ನಾವು ಹಬ್ಬಕ್ಕೆ ಕೊಯ್ದು ಉಪ್ಪು ಖಾರ ಹಚ್ಚಿ ತಿನ್ನೋ ಚಕ್ಕೋತ!

ಇಂಥ ಕಡೆಗೆ ಅಮೃತಬಳ್ಳಿ ಬರ್ತಾ ಇದೆ. ಅದನ್ನ ಮಾರೋದೇ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೆ ಅಂತ. ಯಾವ ಶಕ್ತಿಯನ್ನ ತಗ್ಗಿಸೋಕೆ ಬೆಳಿಗ್ಗೆ ಸಂಜೆ ಮಾತ್ರೆ ಕೊಡ್ತಿದ್ದೀವೋ ಅದೇ ಶಕ್ತಿಯನ್ನ ಹೆಚ್ಚಿಸೋಕೆ ಮಧ್ಯಾಹ್ನ ಎರಡು ಒಳಲೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ, ಲೈವ್ ಓಡ್ತಿರೋ ಸಿಸ್ಟಮ್ಮಿಗೆ ಯಾರಿಗೂ ಹೇಳದೆ, ಲಾಗ್ ಇಡದೆ ಕೋಡ್ ತಳ್ಳಿದ ಹಾಗೆ. ಆಫೀಸಿನಲ್ಲಿ ಹಾಗೆ ಮಾಡಿದರೆ ಅವತ್ತೇ ಮನೆಗೆ ಕಳಿಸ್ತಾರೆ.

ಸರಿ, ಜಪಾನಿನವರು ಮಾತ್ರ ಹೇಗೆ ಕೊಡ್ತಾರೆ ಅಂತ ಹುಡುಕಿಕೊಂಡು ಕೂತೆ. ಆಸ್ಪತ್ರೆ ಕಾರಿಡಾರಿನಲ್ಲಿ ರಾತ್ರಿ ಹೊತ್ತು ಮಾಡೋಕೆ ಇನ್ನೇನಿರುತ್ತೆ?

ಮೊದಲು ತಿಳಿದದ್ದು, ಅವರು ಇದನ್ನ 'ನಮ್ಮದು' ಅಂತ ಎದೆ ತಟ್ಟಿಕೊಳ್ಳೋದು ಕಮ್ಮಿ ಅಂತ. ಕಾಂಪೋ ಅನ್ನೋ ಹೆಸರಿನ ಅರ್ಥವೇ ಹಾನ್ ಪದ್ಧತಿ, ಅಂದರೆ ಚೀನಾದ ಪದ್ಧತಿ. ದೈಕೆಂಚೂತೋ ಕೂಡ ಚೀನಾದ ಹಳೇ ವೈದ್ಯಗ್ರಂಥದಿಂದ ಬಂದದ್ದೇ. ಹೆಸರಿನಲ್ಲೇ ಸಾಲ ಒಪ್ಪಿಕೊಂಡಿದಾರೆ. ನಾವಾಗಿದ್ದರೆ ಹೆಸರು ಬದಲಾಯಿಸೋಕೆ ಒಂದು ಸಮಿತಿ ಮಾಡ್ತಿದ್ವಿ.

ಇನ್ನು ಔಷಧಿ ಬರೋದು ಬಾಟಲಿಯಲ್ಲಲ್ಲ. ತ್ಸುಮುರಾ ಅಂತ ಒಂದು ಕಂಪನಿ, 1893ರಿಂದ ಇದೆ. ಕಷಾಯ ಕುದಿಸಿ ಇಂಗಿಸಿ ಪುಡಿ ಮಾಡಿ ಪುಟ್ಟ ಪೊಟ್ಟಣಕ್ಕೆ ತುಂಬ್ತಾರೆ. ಪ್ರತಿ ಪೊಟ್ಟಣದ ಮೇಲೆ ಆ ಔಷಧಿಯ ನಂಬರು. ದೈಕೆಂಚೂತೋ ನಂಬರ್ 100. ಹಸಿವು ಇಲ್ಲದವರಿಗೆ ಕೊಡೋ ರಿಕ್ಕುನ್ಶಿತೋ 43. ಕಾಮಾಲೆಯ ಇಂಚಿನ್‌ಕೋತೋ 135. ದೊಡ್ಡವರಿಗೆ ನಂಬರ್ 100 ದಿನಕ್ಕೆ 15 ಗ್ರಾಮು ಅಂತ ಬರೆದಿರುತ್ತೆ, ಹಿಡಿ ಅಂತ ಬರೆದಿರಲ್ಲ. ಹೊಲದಿಂದ ಬಂದ ಬೇರು ಕಾಯಿಯಲ್ಲಿ ಕೀಟನಾಶಕ ಎಷ್ಟು ಉಳಿದಿದೆ, ಭಾರಲೋಹ ಎಷ್ಟಿದೆ ಅಂತ ಪರೀಕ್ಷೆ ಮಾಡಿಯೇ ಒಳಗೆ ಬಿಡೋದು. ಇಲ್ಲಿ ನಾನು ಸ್ವಲ್ಪ ತಲೆ ತಗ್ಗಿಸಬೇಕು. ನಮ್ಮ ಹೊಲದ ಶುಂಠಿಗೆ ಕೊಳೆರೋಗ ಬರಬಾರದು ಅಂತ ಒಂದು ಬೆಳೆಗೆ ಏನೇನು ಹೊಡೀತೀವಿ ಅಂತ ನನಗೆ ಗೊತ್ತು. ಪಂಪಿನ ಪೈಪು ನಾನೇ ಹಿಡಿದಿದೀನಿ. ಅದೇ ಶುಂಠಿ ದೊಡ್ಡಮ್ಮನ ಬಾಟಲಿಯಲ್ಲಿತ್ತು. 'ನ್ಯಾಚುರಲ್ ಕಣಪ್ಪ, ಸೈಡ್ ಎಫೆಕ್ಟ್ ಇಲ್ಲ' ಅಂತ ಹೇಳೋರು ಒಂದು ಸಲ ನಮ್ಮ ತೋಟದ ಮನೆಯ ಹಿಂದೆ ಬಿದ್ದಿರೋ ಖಾಲಿ ಡಬ್ಬಿ ಎಣಿಸಿ ಹೋಗಲಿ.

ಅವರದೆಲ್ಲ ಮೊದಲಿಂದಲೂ ಶುದ್ಧ ಅಂತ ನಾನು ಹೇಳ್ತಿಲ್ಲ. 1976ರಲ್ಲಿ ಜಪಾನ್ ಸರ್ಕಾರ ಒಂದೇ ಏಟಿಗೆ ಹತ್ತಾರು ಕಾಂಪೋ ಔಷಧಿಗಳನ್ನ ಆರೋಗ್ಯ ವಿಮೆಗೆ ಸೇರಿಸಿಕೊಂಡಾಗ ಯಾವ ಪ್ರಯೋಗವನ್ನೂ ಕೇಳಿರಲಿಲ್ಲ. ಅಲ್ಲಿನ ವೈದ್ಯರ ಸಂಘದ ಅಧ್ಯಕ್ಷರಾಗಿದ್ದ ತಕೇಮಿ ತಾರೋ ಅವರ ಪ್ರಭಾವ ಅದರ ಹಿಂದಿತ್ತು. ಹಳೇ ಗ್ರಂಥದಲ್ಲಿದೆ, ಸಾಕು ಅಂದರು. ಥೇಟ್ ನಮ್ಮ ಹಾಗೆಯೇ. ನಮ್ಮಲ್ಲೂ ಔಷಧ ನಿಯಮಾವಳಿಯ 158ಬಿ ಪ್ರಕಾರ ಶಾಸ್ತ್ರಗ್ರಂಥದಲ್ಲಿರೋ ಯೋಗವನ್ನ ಇದ್ದ ಹಾಗೇ ತಯಾರಿಸೋರು ಹೊಸ ಪ್ರಯೋಗ ಮಾಡಿ ತೋರಿಸಬೇಕಿಲ್ಲ, ಗ್ರಂಥದ ಹೆಸರು ತೋರಿಸಿದರೆ ಆಯ್ತು. ಇಲ್ಲೀವರೆಗೂ ಇಬ್ಬರೂ ಒಂದೇ ದೋಣಿ.

ಬೇರೆ ಆದದ್ದು ಆಮೇಲೆ. ಶೋ ಸಾಯ್ಕೋತೋ ಅಂತ ಇನ್ನೊಂದು ಕಾಂಪೋ ಔಷಧಿ, ನಂಬರ್ 9. ಅದರಲ್ಲೂ ಶುಂಠಿ ಇದೆ. ಲಿವರ್ ಕಾಯಿಲೆಗೆ ಅಂತ ಜಪಾನಿನಲ್ಲಿ ಕಂಡಕಂಡವರೆಲ್ಲ ತಿಂದರು. 1996ರ ಮಾರ್ಚಿನಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯವೇ ತುರ್ತು ಎಚ್ಚರಿಕೆ ಹೊರಡಿಸಿತು: ಎರಡು ವರ್ಷದಲ್ಲಿ 88 ಮಂದಿಗೆ ಶ್ವಾಸಕೋಶದ ಉರಿಯೂತ, ಅವರಲ್ಲಿ 10 ಸಾವು. ತಮ್ಮದೇ ವಿಮೆಯಲ್ಲಿರೋ ಔಷಧಿ, ತಮ್ಮದೇ ಕಂಪನಿ, ಸಾವಿರಾರು ವರ್ಷದ ಗ್ರಂಥ. ಆದರೂ ಎಣಿಸಿದರು. ಎಣಿಸಿದ್ದನ್ನ ಹೇಳಿದರು.

ಈಗ ನಮ್ಮ ಕಥೆ ಕೇಳಿ. ಕೊರೋನಾ ಕಾಲದಲ್ಲಿ ಮನೆಮನೆಯಲ್ಲೂ ಅಮೃತಬಳ್ಳಿ ಕುದೀತು. ನಮ್ಮ ಮನೆಯಲ್ಲೂ ಕುದೀತು, ಹುತ್ತದ ಪಕ್ಕ ಬೇಲಿ ಮೇಲೆ ಹಬ್ಬಿದ್ದು ಒಂದೇ ವಾರಕ್ಕೆ ಬೋಳಾಯ್ತು. 2021ರಲ್ಲಿ ಮುಂಬೈಯ ವೈದ್ಯರು ಅದನ್ನ ಕುಡಿದ ಆರು ಜನರಲ್ಲಿ ಲಿವರಿಗೆ ಏಟು ಬಿದ್ದದ್ದನ್ನ ಬರೆದು ಪ್ರಕಟಿಸಿದರು. ಆಯುಷ್ ಸಚಿವಾಲಯದ ಉತ್ತರ ಏನು? ಹೀಗೆ ಹೇಳೋದು ದಾರಿ ತಪ್ಪಿಸೋ ಕೆಲಸ, ಸಾಂಪ್ರದಾಯಿಕ ವೈದ್ಯಕ್ಕೆ ಅನಾಹುತ, ಅವರು ಬೇರೆ ಜಾತಿಯ ಬಳ್ಳಿ ಕುಡಿದಿರಬಹುದು. ಮರುವರ್ಷ ದೇಶದ ಹದಿಮೂರು ಆಸ್ಪತ್ರೆಗಳ ವೈದ್ಯರು ಸೇರಿ 43 ಜನರ ವಿವರ ಪ್ರಕಟಿಸಿದರು. ರೋಗಿಗಳ ಹತ್ತಿರ ಸಿಕ್ಕ ಬಳ್ಳಿಯನ್ನೂ ಪರೀಕ್ಷಿಸಿ ಅದು ಅಸಲಿ ಅಮೃತಬಳ್ಳಿಯೇ ಅಂತ ತೋರಿಸಿದರು. ಕುಡಿದ ಎಲ್ಲರಿಗೂ ಹೀಗಾಗುತ್ತೆ ಅಂತ ಅವರೂ ಹೇಳಿಲ್ಲ, ನಾನೂ ಹೇಳ್ತಿಲ್ಲ. ಆದರೆ ವರದಿ ಬಂದಾಗ ಸಚಿವಾಲಯ ಮಾಡಬೇಕಾದ ಕೆಲಸ ಯಾವುದಾಗಿತ್ತು? ಊರೂರಿನ ಆಸ್ಪತ್ರೆಗೆ ಪತ್ರ ಬರೆದು 'ನಿಮ್ಮಲ್ಲೂ ಇಂಥವರು ಬಂದರಾ' ಅಂತ ಕೇಳೋದಾ, ಇಲ್ಲ ಪರಂಪರೆಗೆ ಅವಮಾನ ಆಯ್ತು ಅಂತ ಮುನಿಸಿಕೊಳ್ಳೋದಾ? ಅಡ್ಡಪರಿಣಾಮ ವರದಿ ಮಾಡೋ ವ್ಯವಸ್ಥೆ ಆಯುಷ್‌ನಲ್ಲೂ ಇದೆ, ದಿಲ್ಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆಯೇ ಅದರ ಕೇಂದ್ರ. ವ್ಯವಸ್ಥೆ ಇರೋದು ಬೇರೆ, ಕೆಟ್ಟ ಸುದ್ದಿ ತಂದವನನ್ನ ಕೂರಿಸಿ ಕಾಫಿ ಕೊಡೋ ಮನಸ್ಸು ಬೇರೆ.

ಕಸಿಯ ವಿಷಯಕ್ಕೇ ಬರ್ತೀನಿ. ದೈಕೆಂಚೂತೋವನ್ನ ಜಪಾನಿನ ಹದಿನಾಲ್ಕು ಆಸ್ಪತ್ರೆಗಳಲ್ಲಿ, ಬದುಕಿರೋರಿಂದ ಲಿವರ್ ಪಡೆದ ನೂರಕ್ಕೂ ಹೆಚ್ಚು ದೊಡ್ಡವರ ಮೇಲೆ ಪ್ರಯೋಗ ಮಾಡಿದರು. ಅರ್ಧದಷ್ಟು ಜನಕ್ಕೆ ಅಸಲಿ ಪುಡಿ, ಉಳಿದವರಿಗೆ ಹುಸಿಪುಡಿ. ಯಾರಿಗೆ ಯಾವುದು ಅಂತ ಕೊಟ್ಟವರಿಗೂ ಗೊತ್ತಿಲ್ಲ, ತಿಂದವರಿಗೂ ಗೊತ್ತಿಲ್ಲ. ಏಳನೇ ದಿನ ಎಷ್ಟು ಊಟ ಒಳಗೆ ಹೋಗ್ತಿದೆ, ಹೊಟ್ಟೆ ಎಷ್ಟು ಉಬ್ಬಿದೆ, ನೋವೆಷ್ಟು, ಇವು ಮೂರು ಮುಖ್ಯ ಅಳತೆ ಅಂತ ಮೊದಲೇ ಬರೆದಿಟ್ಟುಕೊಂಡಿದ್ದರು. ಬಂದ ಉತ್ತರ: ಆ ಮೂರರಲ್ಲೂ ಎದ್ದು ಕಾಣೋ ವ್ಯತ್ಯಾಸ ಇಲ್ಲ. ಊಟ ದಿನದಿಂದ ದಿನಕ್ಕೆ ಏರಿದ ವೇಗ ಮಾತ್ರ ಪುಡಿ ತಿಂದವರಲ್ಲಿ ಚುರುಕು, ಹೊಸ ಲಿವರಿಗೆ ಹೋಗೋ ರಕ್ತದ ಹರಿವೂ ಜಾಸ್ತಿ. ಅಷ್ಟನ್ನೇ ಪ್ರಕಟಿಸಿದರು, ಆಗದೇ ಹೋದದ್ದನ್ನೂ ಸೇರಿಸಿ.

ನನ್ನ ಗೆಳೆಯ ಕಳಿಸಿದ 'ಜಪಾನಿನವರೇ ಒಪ್ಪಿದಾರೆ' ಅನ್ನೋದರ ಅಸಲಿ ತೂಕ ಇಷ್ಟು. ಸ್ವಲ್ಪ ಉಪಯೋಗ ಇರಬಹುದು, ಇಂಥ ಕಡೆ, ಇಂಥ ಪ್ರಮಾಣದಲ್ಲಿ, ಡಾಕ್ಟರ ಕಣ್ಣೆದುರು. ಜಪಾನ್ ಒಪ್ಪಿದ್ದು ತೂಗಿ ನೋಡಿದ ಒಂದು ಪುಡಿಯನ್ನ. ನಮ್ಮ ಅಜ್ಜಿಯನ್ನ ಅಲ್ಲ. ಅವರು ದುಡಿದು ತಂದ ನಂಬಿಕೆಯನ್ನ ನಾವು ಪುಕ್ಕಟೆ ಸಾಲ ತಗೊಂಡು ನಮ್ಮ ಹಾರ್ಲಿಕ್ಸ್ ಬಾಟಲಿಗೆ ಅಂಟಿಸ್ತಾ ಇದೀವಿ.

ಹಾಗಂತ 'ಸೊಪ್ಪುಸದೆ ಎಲ್ಲ ಮೂಢನಂಬಿಕೆ' ಅಂತ ಮೂಗು ಮುರಿಯೋ ನನ್ನ ಸಹೋದ್ಯೋಗಿಗಳ ಗುಂಪಿಗೆ ನನ್ನನ್ನ ಸೇರಿಸಬೇಡಿ. ಅವರಿಗೂ ಒಂದು ಮಾತಿದೆ. ನಮ್ಮವರು ತೂಗಿ ನೋಡಿದ ದಿನಗಳೂ ಇದ್ದವು. ಕಾಮಾಲೆಗೆ ನಮ್ಮ ಕಡೆ ಕೊಡೋ ನೆಲನೆಲ್ಲಿ ಇದೆಯಲ್ಲ, ಅದನ್ನ ಮದರಾಸಿನಲ್ಲಿ ಎಸ್.ಪಿ. ತ್ಯಾಗರಾಜನ್ ಅವರ ತಂಡ, ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು ನೊಬೆಲ್ ಪಡೆದ ಬ್ಲಂಬರ್ಗ್ ಜೊತೆ ಸೇರಿ ಪರೀಕ್ಷೆ ಮಾಡಿತು. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು: ನೆಲನೆಲ್ಲಿ ತಿಂದ 37 ಜನರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯ, ಹುಸಿಪುಡಿ ತಿಂದ 23 ಜನರಲ್ಲಿ ಒಬ್ಬರದು ಮಾತ್ರ. ಜಗತ್ತೇ ತಿರುಗಿ ನೋಡಿತು. ಆಮೇಲೆ ಬೇರೆ ದೇಶಗಳಲ್ಲಿ ಮತ್ತೆ ಮಾಡಿ ನೋಡಿದಾಗ ಅಂಥ ಫಲ ಸಿಗಲಿಲ್ಲ. ನನ್ನ ಪ್ರಕಾರ ಅದು ಸೋಲಲ್ಲ. ನೆಲನೆಲ್ಲಿಗೆ ಸಿಕ್ಕ ಅತಿ ದೊಡ್ಡ ಮರ್ಯಾದೆ ಅದು, ಯಾರೋ ಅದನ್ನ ಗಂಭೀರವಾಗಿ ತಗೊಂಡು ಪ್ರಶ್ನೆ ಕೇಳಿದರು. ಹಾಸನದಲ್ಲೇ 1992ರಿಂದ ಧರ್ಮಸ್ಥಳದವರ ಆಯುರ್ವೇದ ಕಾಲೇಜು, ಆಸ್ಪತ್ರೆ ಇದೆ. 2006ರಿಂದ ಸರ್ಕಾರಿ ಮೆಡಿಕಲ್ ಕಾಲೇಜೂ ಇದೆ. ಎರಡೂ ಒಂದೇ ಊರಿನಲ್ಲಿ. ಮಕ್ಕಳ ಹೊಟ್ಟೆಯುಬ್ಬರಕ್ಕೆ ಶುಂಠಿಯೋ ಬಜೆಯೋ ಏನು ಮಾಡುತ್ತೆ ಅಂತ ಸೇರಿ ನೋಡೋಕೆ ವಿಮಾನ ಹತ್ತಿ ಕ್ಯೋಟೋಗೆ ಹೋಗಬೇಕಾ? ಸಿಟಿ ಬಸ್ಸು ಸಾಕು.

ಇಷ್ಟೆಲ್ಲ ಜೋರಾಗಿ ಬರೀತಿರೋ ನಾನು ಒಂದು ವಿಷಯ ಇನ್ನೂ ಹೇಳಿಲ್ಲ.

ಅಕ್ಕನ ಮಗಳು ಹುಟ್ಟಿ ಒಂದು ತಿಂಗಳಾದರೂ ಕಣ್ಣು ಹಳದಿ ಇತ್ತು. ಅವ್ವ ಫೋನು ಮಾಡಿದ್ದರು. 'ಕಾಮಾಲೆ ಇರಬೇಕು ಕಣಪ್ಪ. ಔಷಧಿ ಕೊಡೋ ಅಜ್ಜನ ತಾವ ಕರ್ಕೊಂಡು ಹೋಗಾಣ ಅಂತಿದೀವಿ, ಏನಂತೀಯಾ?' ನಾನು ಮೀಟಿಂಗಿನಲ್ಲಿದ್ದೆ. 'ಕೊಡಿಸಿ, ಅದರಿಂದ ಏನು ತೊಂದರೆ' ಅಂದೆ. ಮನೆಯಲ್ಲಿ ಬಿಇ ಓದಿರೋನು ನಾನೊಬ್ಬನೇ. ನಾನು ಹ್ಞೂಂ ಅಂದ ಮೇಲೆ ಬೇರೆ ಯಾರು ಬೇಡ ಅಂತಾರೆ?

ಅಜ್ಜ ಕೊಡೋದು ಗುರುವಾರ ಮತ್ತು ಭಾನುವಾರ, ಬೆಳಿಗ್ಗೆ ಖಾಲಿ ಹೊಟ್ಟೆಗೆ. ದುಡ್ಡು ಮುಟ್ಟಲ್ಲ, ಎಲೆ ಅಡಿಕೆ ತೆಂಗಿನಕಾಯಿ ಅಷ್ಟೇ. ಹಾಲು ಕುಡಿಯೋ ಮಗುವಾದರೆ ಪಥ್ಯ ತಾಯಿಗೆ. ಅಕ್ಕ ಬಾಣಂತಿ, ಉಪ್ಪು ಎಣ್ಣೆ ಇಲ್ಲದ ಅನ್ನ ತಿಂದಳು, ಒಂದು ಸುತ್ತಲ್ಲ, ಮೂರು ಸುತ್ತು. ಪ್ರತಿ ಸುತ್ತಿಗೂ 'ಸ್ವಲ್ಪ ಇಳಿದ ಹಾಗಿದೆ' ಅಂತ ಎಲ್ಲರಿಗೂ ಅನ್ನಿಸ್ತು. ಮಗುವಿನ ಮಲ ಸುಣ್ಣ ಕಲಸಿದ ಹಾಗೆ ಬೆಳ್ಳಗೆ ಇತ್ತು ಅಂತ ಅಕ್ಕನಿಗೆ ಗೊತ್ತಿತ್ತು. ಅದು ಹೇಳಬೇಕಾದ ವಿಷಯ ಅಂತ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಆ ಕಾಯಿಲೆಯ ಹೆಸರು ಬಿಲಿಯರಿ ಅಟ್ರೀಸಿಯಾ. ಲಿವರಿನಿಂದ ಪಿತ್ತ ಕರುಳಿಗೆ ಇಳಿಯೋ ನಾಳ ಕಟ್ಟಿಕೊಂಡು, ಪಿತ್ತ ಲಿವರಿನಲ್ಲೇ ನಿಂತು ಅದನ್ನ ಕೊಳೆಸುತ್ತೆ. ಪಿತ್ತ ಇಳಿಯಲ್ಲ, ಅದಕ್ಕೇ ಮಲ ಬಿಳಿ. ಇದಕ್ಕೆ ದಾರಿ ತೋರಿಸಿದವರು ಮತ್ತೆ ಜಪಾನಿನವರೇ, ಸೆಂಡಾಯ್ ಊರಿನ ಸರ್ಜನ್ ಮೊರಿಯೋ ಕಸಾಯ್, 1950ರ ದಶಕದಲ್ಲಿ. ಕಟ್ಟಿದ ನಾಳ ತೆಗೆದು ಕರುಳನ್ನೇ ಲಿವರಿಗೆ ಹೊಲಿಯೋ ಆಪರೇಷನ್. ಆದರೆ ಅದನ್ನ ಅರವತ್ತು ದಿನದೊಳಗೆ ಮಾಡಿದರೆ ಒಳ್ಳೇದು, ತಡ ಆದಷ್ಟೂ ಫಲ ಕಮ್ಮಿ. ನಮ್ಮ ಮಗುವಿಗೆ ಆದದ್ದು 104ನೇ ದಿನ. ಪಿತ್ತ ಇಳಿಯಲಿಲ್ಲ. ಬೇಗ ಹೋಗಿದ್ದರೆ ಕಸಿ ತಪ್ಪುತ್ತಿತ್ತಾ ಅಂತ ಡಾಕ್ಟರಮ್ಮನ್ನ ಕೇಳಿದೆ. ಬೇಗ ಆದವರಿಗೂ ಎಷ್ಟೋ ಜನಕ್ಕೆ ಮುಂದೆ ಕಸಿ ಬೇಕಾಗುತ್ತೆ, ಹಾಗೆ ಲೆಕ್ಕ ಹಾಕಿ ಕೊರಗಬೇಡಿ ಅಂದರು. ಒಳ್ಳೇ ಮನಸ್ಸಿನಿಂದ ಹೇಳಿದ ಮಾತು. ಭಾವ ಎರಡು ಎಕರೆ ಮಾರಿದರು. 1998ರಲ್ಲಿ ದಿಲ್ಲಿಯಲ್ಲಿ ಭಾರತದ ಮೊದಲ ಯಶಸ್ವಿ ಮಕ್ಕಳ ಲಿವರ್ ಕಸಿ ಆದದ್ದೂ ಇದೇ ಕಾಯಿಲೆಯ ಕಾಂಚೀಪುರದ ಒಂದು ಕೂಸಿಗೆ. ಆ ಕೂಸು ಈಗ ಡಾಕ್ಟರು. ಅಕ್ಕನಿಗೆ ಆ ವಿಷಯ ನಾನು ಹತ್ತು ಸಲ ಹೇಳಿದೀನಿ.

ಅಜ್ಜನ ಮೇಲೆ ಸಿಟ್ಟು ತಡೆಯೋಕೆ ಆಗದೆ, ಮಗು ಊರಿಗೆ ಬಂದ ಮೇಲೆ ಒಂದು ಗುರುವಾರ ಅಲ್ಲಿಗೆ ಹೋದೆ. ಜಗಳ ಆಡೋಕೇ ಹೋಗಿದ್ದು. ಎಷ್ಟು ಮಕ್ಕಳಿಗೆ ಕೊಟ್ಟಿದೀಯ ಅಜ್ಜ, ಎಷ್ಟು ಮಕ್ಕಳಿಗೆ ವಾಸಿ ಆಯ್ತು ಅಂತ ಕೇಳಿದೆ. ಅವನು ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದ: 'ವಾಸಿ ಆದೋರು ಕಾಯಿ ತಂದು ಕೊಟ್ಟು ಹೋಯ್ತಾರೆ ಕಣಪ್ಪ. ಆಗದೇ ಇದ್ದೋರು ಬಂದು ಹೇಳಾಕಿಲ್ವಲ್ಲ.'

ಜಗಳ ಅಲ್ಲಿಗೇ ನಿಂತುಹೋಯ್ತು. ನವಜಾತ ಶಿಶುಗಳ ಕಾಮಾಲೆ ಮುಕ್ಕಾಲು ಪಾಲು ಎರಡು ವಾರದಲ್ಲಿ ತಾನಾಗಿಯೇ ಇಳಿಯುತ್ತೆ. ಅವರೆಲ್ಲ ತೆಂಗಿನಕಾಯಿ ತಂದುಕೊಡ್ತಾರೆ. ಇಳಿಯದೇ ಇರೋ ಒಂದು ಮಗು ಬೆಂಗಳೂರಿಗೆ ಹೋಗುತ್ತೆ, ಇಲ್ಲ ಮಣ್ಣಿಗೆ ಹೋಗುತ್ತೆ. ಅಜ್ಜನ ಮನೆಯಲ್ಲಿ ಉಳಿಯೋದು ಕಾಯಿಗಳ ರಾಶಿ ಮಾತ್ರ. ಅವನಿಗೆ ಆ ವಿಷಯ ಅರ್ಥ ಆಗಿದೆ, ಹೇಳಿಕೊಳ್ತಾನೂ ಇದಾನೆ. ದೊಡ್ಡ ದೊಡ್ಡ ಕಚೇರಿಯಲ್ಲಿ ಕೂತು ಆಯುರ್ವೇದದ ಹೆಸರಿನಲ್ಲಿ ಸಹಿ ಹಾಕೋರಿಗೆ ಅರ್ಥ ಆಗಿದೆಯಾ ಅನ್ನೋದು ನನ್ನ ಪ್ರಶ್ನೆ.

ಜಪಾನಿನಲ್ಲಿ 2012ರಿಂದ ತಾಯಿ ಮಗುವಿನ ಆರೋಗ್ಯ ಪುಸ್ತಕದೊಳಗೆ ಒಂದು ಬಣ್ಣದ ಕಾರ್ಡ್ ಇಡ್ತಾರೆ. ಮಲದ ಏಳು ಬಣ್ಣ, ನಂಬರು ಹಾಕಿ. ಮಸುಕು ಬಣ್ಣದ ಮೊದಲ ಮೂರರಲ್ಲಿ ಒಂದು ಕಂಡರೆ ತಕ್ಷಣ ಡಾಕ್ಟರ ಹತ್ತಿರ ಓಡಬೇಕು. ಓದು ಬರಹ ಬಾರದ ತಾಯಿಗೂ ಅರ್ಥ ಆಗುತ್ತೆ. ನಮ್ಮ ತಾಯಿ ಕಾರ್ಡಿನಲ್ಲಿ ಎಷ್ಟೊಂದು ಫೋಟೋಗೆ ಜಾಗ ಇದೆ. ಆಶಾ ಕಾರ್ಯಕರ್ತೆಯರು ಹೇಗೂ ಬಾಣಂತಿ ಮನೆಗೆ ಬಂದು ಮಗು ತೂಕ ನೋಡ್ತಾರೆ, ಅವರ ಚೀಲದಲ್ಲಿ ಇಂಥದ್ದೊಂದು ಕಾರ್ಡ್ ಇರಲಿ. ಪರಂಪರೆ ಉಳಿಸಬೇಕು ಅನ್ನೋರು ಇದಕ್ಕೆ ಮೊದಲು ಕೇಳಲಿ, ಜಪಾನಿನಿಂದ ಕಲಿಯೋ ಆಸೆ ಅಷ್ಟಿದ್ದರೆ.

ಹಾರ್ಲಿಕ್ಸ್ ಬಾಟಲಿ ಏನಾಯ್ತು ಅಂತ ಹೇಳಲಿಲ್ಲ ಅಲ್ವಾ. ದೊಡ್ಡಮ್ಮ ಅದನ್ನ ತಾವೇ ಸಿಂಕಿಗೆ ಸುರಿದರು. ಡಾಕ್ಟರಮ್ಮ ಬೇಡ ಅಂದದ್ದಕ್ಕಲ್ಲ, ಅಕ್ಕ ಒಂದು ಮಾತೂ ಆಡದೆ ತನ್ನ ಹೊಟ್ಟೆಯ ಹೊಲಿಗೆ ತೋರಿಸಿದ್ದಕ್ಕೆ. ಮಗುವಿಗೆ ಈಗ ಮೂರು ವರ್ಷ, ಚಪಾತಿ ತಿನ್ನುತ್ತೆ, ನನ್ನ ಲ್ಯಾಪ್‌ಟಾಪಿನ ಕೀ ಕೀಳುತ್ತೆ. ಹೊಟ್ಟೆ ಉಬ್ಬರ ಸುಮಾರು ನಾಲ್ಕು ತಿಂಗಳು ಕಾಡಿ, ಫೀಡ್ ಬದಲಾಯಿಸಿ ಬದಲಾಯಿಸಿ ನಿಧಾನಕ್ಕೆ ಇಳೀತು.

ಜಪಾನಿನ ಆ ಏಳು ಬಣ್ಣದ ಕಾರ್ಡನ್ನ ನಾನು ಕಲರ್ ಪ್ರಿಂಟ್ ತೆಗೆಸಿ ಅಜ್ಜನಿಗೆ ಕೊಟ್ಟು ಬಂದಿದ್ದೆ. ಕ್ಯಾಲೆಂಡರ್ ಪಕ್ಕ ಅಂಟಿಸಿಕೊಂಡಿದ್ದ. ಬೆಳ್ಳಗಿನ ಮಲ ಅಂದ ಎರಡು ಮಕ್ಕಳನ್ನ ಔಷಧಿ ಕೊಡದೆ ಹಾಸನಕ್ಕೆ ಕಳಿಸಿದನಂತೆ. ಒಂದಕ್ಕೆ ಏನೂ ಇರಲಿಲ್ಲವಂತೆ, ಇನ್ನೊಂದರ ಸುದ್ದಿ ಅವನಿಗೆ ಬಂದಿಲ್ಲ. ಹೋದ ಹಬ್ಬಕ್ಕೆ ಊರಿಗೆ ಹೋದಾಗ ಇನ್ನೊಂದು ಪ್ರಿಂಟ್ ತಂದುಕೊಡು ಅಂದ. ಒಲೆ ಹೊಗೆಗೆ ಕಾಗದ ಮಾಸಿ, ಬಿಳಿ ಇದ್ದದ್ದೆಲ್ಲ ಹಳದಿ ಕಾಣ್ತಿದೆ. ಈ ಸಲ ಲ್ಯಾಮಿನೇಷನ್ ಮಾಡಿಸಿಕೊಂಡು ಹೋಗಬೇಕು.